ಹತ್ತು ಹೆಜ್ಜೆ ಹಿಂದೆ

ಜೂನ್ 14

ಪ್ರೀತಿಯ ಅಣ್ಣನಿಗೆ,

ನಿನ್ನ ತಂಗಿ ಕೊನೆಗೂ ಊರಿಗೆಲ್ಲ ದಾರಿ ತೋರಿಸುವ ಕೆಲಸಕ್ಕೆ ಇಳಿದಿದ್ದಾಳೆ. ನಗಬೇಡ. ಶಾಲೆಯಿಂದ ಮನೆಗೆ ಬರುವಷ್ಟರಲ್ಲಿ ಎರಡು ಸಲ ಕಳೆದುಹೋದವಳು, ನೀನು ‘ದಿಕ್ಕೇಡಿ’ ಎಂದು ಹೆಸರಿಟ್ಟವಳು, “ಒಡಹುಟ್ಟಿದವಳಿಗೆ ಹಾಗನ್ನಬಾರದು ಕಣೋ” ಎಂದು ಅಮ್ಮನಿಂದ ನಿನಗೆ ಬೈಗುಳ ಕೊಡಿಸಿದವಳು, ಈ ವರ್ಷ ಏಳನೇ ತರಗತಿಗೆ ನಕ್ಷೆ ಬಿಡಿಸುವುದನ್ನೂ ದಾರಿ ಬರೆಯುವುದನ್ನೂ ಕಲಿಸುತ್ತಿದ್ದೇನೆ. ಪುಸ್ತಕದಲ್ಲಿ ಈ ಪಾಠ ಒಂದೂವರೆ ಪುಟ. ನಾನು ಶನಿವಾರದ ಎರಡು ಪೀರಿಯಡ್ ಕಿತ್ತುಕೊಂಡು ಮಕ್ಕಳನ್ನು ಬೀದಿಗೇ ಇಳಿಸಿದ್ದೇನೆ.

ಕ್ರಮ ಮಾತ್ರ ನಿನ್ನದೇ. ಒಬ್ಬರು ಶಾಲೆಯ ಗೇಟಿನಿಂದ ಯಾವುದೋ ಒಂದು ಜಾಗಕ್ಕೆ ನಕ್ಷೆ ಬಿಡಿಸಿ, ಕೆಳಗೆ ದಾರಿ ಬರೆಯಬೇಕು. ಇನ್ನೊಬ್ಬರು ಆ ಕಾಗದ ಹಿಡಿದು ನಡೆಯಬೇಕು. ಬರೆದವರು ಹತ್ತು ಹೆಜ್ಜೆ ಹಿಂದೆ ಬರಬೇಕು, ಬಾಯಿ ಬಿಡಬಾರದು. ನಾನು ಎರಡನೇ ಸಲ ಕಳೆದುಹೋದ ಮೇಲೆ ನೀನು ನನ್ನ ಸ್ಲೇಟಿನ ಮೇಲೆ ದಾರಿ ಬರೆದುಕೊಟ್ಟು, ಒಂದು ವಾರ ಹೀಗೇ ಕದ್ದು ಹಿಂದೆ ಬಂದೆಯಲ್ಲ. ನಾನೊಬ್ಬಳೇ ಬಂದೆ ಎಂದು ಎಷ್ಟು ಮೆರೆದಿದ್ದೆ! ನೀನು ಹಿಂದೆ ಇದ್ದದ್ದು ನನಗೆ ಗೊತ್ತಾದದ್ದು ನನ್ನ ಮದುವೆಯ ಹಿಂದಿನ ದಿನ, ಅಮ್ಮ ಬಾಯಿ ಬಿಟ್ಟಾಗ.

ಮೊದಲ ಶನಿವಾರವೇ ಎಡವಟ್ಟಾಯಿತು. ತರಗತಿಯಲ್ಲಿ ಒಬ್ಬಳಿದ್ದಾಳೆ, ಕೂತರೂ ವಾದ, ನಿಂತರೂ ವಾದ, ಎಲ್ಲರೂ ಅವಳನ್ನು ವಕೀಲಿ ಎಂದೇ ಕರೆಯುತ್ತಾರೆ. “ಮಿಸ್, ಫೋನ್ ಇರುವಾಗ ಇದೆಲ್ಲ ಯಾಕೆ?” ಎಂದು ಮೊದಲು ಕೇಳಿದವಳೂ ಅವಳೇ. ಅಂಚೆ ಕಚೇರಿಗೆ ದಾರಿ ಬರೆಯುತ್ತಾ ‘ಕೆಂಪು ಸೈಕಲ್ ನಿಂತಿರುವ ಕಡೆ ಎಡಕ್ಕೆ ತಿರುಗಿ’ ಎಂದು ಬರೆದಳು. ಸೈಕಲ್ಲಿನವನು ತನ್ನ ಪಾಡಿಗೆ ಸೈಕಲ್ ಹತ್ತಿ ಹೋಗಿದ್ದ. ಕಾಗದ ಹಿಡಿದ ನಾಲ್ವರು ಮೂಗಿನ ನೇರಕ್ಕೆ ನಡೆದು ಊರಾಚೆಯ ಪೆಟ್ರೋಲ್ ಬಂಕ್ ಮುಟ್ಟಿದರು. ಹಿಂದೆ ವಕೀಲಿ, ಬಾಯಿ ಮುಚ್ಚಿಕೊಂಡು, ಅಳು ನುಂಗಿಕೊಂಡು. ಅವಳ ಹಿಂದೆ ನಾನು. ವಾಪಸು ಬಂದಾಗ ಊಟದ ಹೊತ್ತು ಮುಗಿದಿತ್ತು, ಹೆಡ್‌ಮೇಡಂ ಗೇಟಿನಲ್ಲೇ ನಿಂತಿದ್ದರು.

ಐದು ನಕ್ಷೆ ಇದರ ಜೊತೆಗಿವೆ. ಮೂವತ್ತೆರಡು ವರ್ಷ ಸರ್ವೇಯರ್ ಆಗಿ ಸವೆಸಿದ ಕೆಂಪು ಪೆನ್ನು ತೆಗೆದು ತಿದ್ದು. ಕರುಣೆ ತೋರಿಸಬೇಡ. ನಿನ್ನ ಮಾರ್ಚಿನ ಪತ್ರವನ್ನು ಮಕ್ಕಳಿಗೆ ತೋರಿಸಿದೆ, ಮೂಲೆಯ ಬಾಣಕ್ಕಾಗಿ. ಎಲ್ಲಿ ಕೂತು ಬರೆದರೂ ಮೊದಲು ಮೂಲೆಯಲ್ಲಿ ಉತ್ತರ ದಿಕ್ಕಿಗೆ ಬಾಣ ಹಾಕದೆ ನನ್ನಣ್ಣ ಪತ್ರ ಶುರು ಮಾಡುವುದಿಲ್ಲ ಎಂದೆ. ಆ ಮಾರ್ಚಿನ ನಂತರ ನಿನ್ನ ಪತ್ರವೇ ಇಲ್ಲ. ಫೋನ್ ಮಾಡಿದರೆ ಅತ್ತಿಗೆ ಎತ್ತುತ್ತಾರೆ, ಮಲಗಿದ್ದಾರೆ ಎನ್ನುತ್ತಾರೆ. ನೀನು ಯಾವಾಗಿನಿಂದ ಹಗಲು ಮಲಗುವವನಾದೆ?

ನಿನ್ನ ತಂಗಿ


ಜೂನ್ 25

ದಿಕ್ಕೇಡಿ ಮೇಡಂ ಅವರಿಗೆ,

ಬಡ್ತಿಗೆ ಅಭಿನಂದನೆ. ನಾನು ರಜೆಯಲ್ಲಿದ್ದೇನೆ. ಎಷ್ಟೋ ವರ್ಷದ ರಜೆ ಹಾಗೇ ಉಳಿದಿತ್ತು, ಸರಕಾರಕ್ಕೆ ಯಾಕೆ ಬಿಟ್ಟುಕೊಡಬೇಕು ಎಂದು ಒಟ್ಟಿಗೇ ತೆಗೆದುಕೊಂಡೆ. ಕೆಲಸವಿಲ್ಲದ್ದಕ್ಕೆ ಬಾಗಿಲಿನಿಂದ ಗೇಟಿಗೆ, ಗೇಟಿನಿಂದ ಬಾಗಿಲಿಗೆ ನಡೆಯುತ್ತೇನೆ. ಇವತ್ತು ಹದಿನಾಲ್ಕು ಸಲವಾಯಿತು ಎಂದು ನಿನ್ನ ಅತ್ತಿಗೆಯ ಲೆಕ್ಕ. “ಬೋನಲ್ಲಿರೋ ಹುಲಿ ಥರ ಆಡ್ತೀರಲ್ಲ, ಒಂದು ಕಡೆ ಕೂತ್ಕೊಳ್ಳಿ” ಎನ್ನುತ್ತಾಳೆ. ಕೂತರೆ ಕಾಲು ಕೇಳುವುದಿಲ್ಲ.

ನಕ್ಷೆಗಳನ್ನು ನೋಡಿದೆ. ಐದೂ ಚೆನ್ನಾಗಿವೆ. ಹಾಗೆಂದು ಬರೆದು ವಾಪಸು ಕಳಿಸಿದ್ದೇನೆ.

ಒಂದು ಮಾತು ಮಾತ್ರ ಹೇಳಬೇಕು. ನಿನ್ನ ಮಕ್ಕಳು ಕೆಳಗೆ ದಾರಿ ಬರೆದಿದ್ದಾರಲ್ಲ, ಅದರಲ್ಲಿ ಎಲ್ಲರೂ ಸರಿಯಾದ ದಾರಿಯನ್ನೇ ಬರೆದಿದ್ದಾರೆ. ತಪ್ಪಿದವನಿಗೆ ತಾನು ತಪ್ಪಿದ್ದೇನೆ ಎಂದು ಹೇಗೆ ತಿಳಿಯಬೇಕು? ಏನು ಕಂಡರೆ ಅವನು ನಿಲ್ಲಬೇಕು, ಎಲ್ಲಿಯ ತನಕ ಹಿಂದಕ್ಕೆ ಬರಬೇಕು? ಪೆಟ್ರೋಲ್ ಬಂಕ್ ಮುಟ್ಟಿದ ಆ ನಾಲ್ವರಿಗೆ ಇಂಥ ಒಂದು ಸಾಲು ಇದ್ದಿದ್ದರೆ ಊಟ ತಪ್ಪುತ್ತಿರಲಿಲ್ಲ. ಇದನ್ನು ಕಲಿಸು. ನನಗೂ ಇದು ಇಷ್ಟು ವರ್ಷ ಹೊಳೆದಿರಲಿಲ್ಲ.

ಮತ್ತೆ, ಮಕ್ಕಳ ಹಿಂದೆ ನಡೆಯುವಾಗ ಚಪ್ಪಲಿ ಎಳೆಯಬೇಡ. ನಿನ್ನ ಸರಬರ ಸದ್ದು ಮೂರು ಮನೆಯಾಚೆಯಿಂದ ಕೇಳುತ್ತಿತ್ತು. “ಬೀದಿ ಧೂಳೆಲ್ಲ ಕಾಲಲ್ಲೇ ಗುಡಿಸ್ಕೊಂಡು ಬರ್ತಾಳೆ” ಎನ್ನುತ್ತಿದ್ದಳು ಅಮ್ಮ.

ಅಣ್ಣ


ಜುಲೈ 5

ಅಣ್ಣಾ,

ಐದರಲ್ಲಿ ಒಂದೂ ತಪ್ಪಿಲ್ಲವೇ? ನನ್ನ ಮದುವೆಯ ಆಮಂತ್ರಣದ ಹಿಂದೆ ಅಚ್ಚಾಗಿದ್ದ ಪುಟ್ಟ ನಕ್ಷೆಯನ್ನು ಮೂರು ಸಲ ತಿದ್ದಿಸಿ, ಅಚ್ಚಿನವನು ಕೈ ಮುಗಿಯುವಂತೆ ಮಾಡಿದವನು ನೀನು. ವಯಸ್ಸಾಗಿ ಮೆತ್ತಗಾದೆ ಎಂದುಕೊಂಡೆ. ಪತ್ರದ ಮೂಲೆಯಲ್ಲಿ ಬಾಣವೂ ಇಲ್ಲ. ರಜೆ ಎಂದರೆ ಬಾಣಕ್ಕೂ ರಜೆಯೇ?

ತಪ್ಪಿದವನಿಗೊಂದು ಸಾಲು ಬೇಕು ಎಂದೆಯಲ್ಲ, ಅದನ್ನು ತರಗತಿಯಲ್ಲಿ ಓದಿದೆ. ವಕೀಲಿ ತಕ್ಷಣ ಎದ್ದಳು. “ಸರಿಯಾಗಿ ಬರೆದ್ರೆ ಯಾಕೆ ತಪ್ತಾರೆ ಮಿಸ್?” ನನಗೂ ಹಾಗೇ ಅನಿಸಿತು, ನಿನ್ನ ಮೇಲಿನ ಗೌರವಕ್ಕೆ ಸುಮ್ಮನಿದ್ದೆ.

ಈಗ ವಿಷಯಕ್ಕೆ ಬರುತ್ತೇನೆ. ಪೆಟ್ರೋಲ್ ಬಂಕ್ ಪ್ರಕರಣ ಹೆಡ್‌ಮೇಡಂ ತಲೆಯಿಂದ ಇಳಿದಿಲ್ಲ. ನನ್ನನ್ನು ಕರೆದು, “ಮಕ್ಕಳನ್ನ ಬೀದಿ ಸುತ್ತಿಸಿದ್ದು ಸಾಕು. ಆ ಎರಡು ಪೀರಿಯಡ್ ಗಣಿತಕ್ಕೆ ಕೊಡ್ತೀನಿ” ಎಂದರು. ನಾನು ಒಪ್ಪಲಿಲ್ಲ. ಮಾತಿಗೆ ಮಾತು ಬೆಳೆದು ಕೊನೆಗೆ ಅವರೇ ಒಂದು ಷರತ್ತು ಹಾಕಿದರು: “ಈ ಊರನ್ನ ಕಂಡೇ ಇರದವರು ಒಬ್ಬರು ಬರಲಿ. ಮಕ್ಕಳ ಕಾಗದ ಹಿಡ್ಕೊಂಡು ಬಸ್ ನಿಲ್ದಾಣದಿಂದ ಶಾಲೆಗೆ ತಾವೇ ಬಂದು ಮುಟ್ಟಲಿ. ಯಾರನ್ನೂ ಕೇಳಬಾರದು. ಬಂದ್ರೆ ಕ್ಲಾಸ್ ನಡೀಲಿ, ಇಲ್ಲಾಂದ್ರೆ ನಿಲ್ಲಿಸಿ.” ನಾನು ಹಿಂದೆ ಮುಂದೆ ನೋಡದೆ ನಿನ್ನ ಹೆಸರು ಹೇಳಿಬಿಟ್ಟೆ. ನನಗೆ ಇಲ್ಲಿಗೆ ವರ್ಗವಾಗಿ ಒಂದು ವರ್ಷವಾಯಿತು, ನೀನು ಇನ್ನೂ ಬಂದಿಲ್ಲ. ದೊಡ್ಡ ಸರ್ವೇಯರ್ ಬರುತ್ತಾರೆ ಎಂದು ಮಕ್ಕಳು ಕುಣಿಯುತ್ತಿದ್ದಾರೆ. ಆಗಸ್ಟ್ 23, ಶನಿವಾರ, ಹತ್ತೂವರೆಯ ಬಸ್ಸು.

ಕೇಳದೆ ಒಪ್ಪಿಕೊಂಡದ್ದು ತಪ್ಪು. ಆದರೆ ಈ ಎರಡು ಪೀರಿಯಡ್ ಹೋದರೆ ನನಗೆ ಈ ಶಾಲೆಯಲ್ಲಿ ಮನಸ್ಸು ನಿಲ್ಲುವುದಿಲ್ಲ. ವಾರವಿಡೀ ನಾನು ಶನಿವಾರಕ್ಕಾಗಿ ಕಾಯುತ್ತೇನೆ ಅಣ್ಣ. ಬರುತ್ತೀಯ ತಾನೇ?


ಜುಲೈ 12

ತಂಗಿಗೆ,

ಬರಲಾಗುವುದಿಲ್ಲ. ಮಂಡಿ ನೋವು. ಅದೂ ಅಲ್ಲದೆ ಮನೆಗೆ ಬಣ್ಣ ಹೊಡೆಸಬೇಕು, ಆಳುಗಳು ಆ ವಾರವೇ ಬರುತ್ತಾರೆ. ನಿನ್ನ ಅತ್ತಿಗೆಗೂ ಪ್ರಯಾಣ ಆಗಿಬರುವುದಿಲ್ಲ. ಕಚೇರಿಯಿಂದಲೂ ಯಾವಾಗ ಕರೆ ಬರುತ್ತದೋ ಹೇಳಲಾಗದು.

ಬೇರೆ ಯಾರನ್ನಾದರೂ ಕರೆ. ಹೊಸಬರಾದರೆ ಸಾಕಲ್ಲ, ಸರ್ವೇಯರೇ ಏಕೆ?

ಅಣ್ಣ


ಜುಲೈ 18

ಅಣ್ಣನಿಗೆ,

ಒಂದು ನೆಪ ಹೇಳಿದ್ದರೆ ನಂಬುತ್ತಿದ್ದೆ. ನಾಲ್ಕು ಹೇಳಿದ್ದೀಯ. ರಜೆಯಲ್ಲಿರುವವನಿಗೆ ಕಚೇರಿಯ ಕರೆಯಂತೆ, ಮಂಡಿ ನೋವಿರುವವನು ಗೇಟಿಗೆ ಹದಿನಾಲ್ಕು ಸಲ ನಡೆಯುತ್ತಾನಂತೆ.

ಮೊನ್ನೆ ಏನಾಯಿತು ಎಂದು ಹೇಳುತ್ತೇನೆ, ಕೇಳು. ನೀನು ಕಳಿಸಿದ ನಕ್ಷೆಗಳನ್ನು ಗೋಡೆಗೆ ಅಂಟಿಸಿದ್ದೆ. ವಕೀಲಿ ತನ್ನದರ ಮುಂದೆ ತುಂಬಾ ಹೊತ್ತು ನಿಂತಿದ್ದಳು. ಆಮೇಲೆ ನನ್ನ ಮೇಜಿನ ಹತ್ತಿರ ಬಂದು ಮೆಲ್ಲಗೆ ಹೇಳಿದಳು: “ಮಿಸ್, ನಾನು ಉತ್ತರಾನ ಮೇಲೆ ಹಾಕಿ ಪೂರ್ವಾನ ಎಡಗಡೆ ಹಾಕಿಬಿಟ್ಟಿದೀನಿ. ನನ್ನ ನಕ್ಷೇಲಿ ಸೂರ್ಯ ಪಶ್ಚಿಮದಲ್ಲಿ ಹುಟ್ತಾನೆ. ನಿಮ್ಮಣ್ಣ ಕೆಳಗೆ ‘ಚೆನ್ನಾಗಿದೆ’ ಅಂತ ಬರೆದಿದಾರೆ. ಅವರು ನೋಡೇ ಇಲ್ಲ ಅಲ್ವಾ?”

ಆ ಹುಡುಗಿ ಎರಡು ಸಂಜೆ ಕೂತು ಅದನ್ನು ಬಿಡಿಸಿದ್ದಳು. ಬೈಯಬೇಕಿತ್ತು, ಕಿತ್ತು ಹಾಕಬೇಕಿತ್ತು, ಏನಾದರೂ ಮಾಡಬೇಕಿತ್ತು. ನೋಡದೆ ಹೊಗಳಬಾರದಿತ್ತು. ನಾನು ಮಾಡುವುದೆಲ್ಲ ನಿನಗೆ ಚಿಕ್ಕಂದಿನಿಂದಲೂ ಮಕ್ಕಳಾಟವೇ, ಆದರೂ ಇಷ್ಟು ಹಗುರ ಮಾಡುತ್ತೀಯ ಎಂದು ಎಣಿಸಿರಲಿಲ್ಲ. ನನಗೆ ಬಹಳ ನೋವಾಗಿದೆ.

ಬೇರೆಯವರನ್ನು ಕರೆಯುವುದಿಲ್ಲ. ಹೆಡ್‌ಮೇಡಂಗೆ ನಾನೇ ಹೋಗಿ ಸೋತೆ ಎನ್ನುತ್ತೇನೆ.


ಜುಲೈ 24

ಪುಟ್ಟೀ,

ಇದನ್ನು ನಿನಗೆ ಕಳಿಸುವುದಿಲ್ಲ. ಬರೆದು ಮೇಜಿನ ಡ್ರಾಯರ್‌ನಲ್ಲಿ ಇಡುತ್ತೇನೆ. ಬರೆಯದಿದ್ದರೆ ಇವತ್ತು ಗೇಟಿಗೆ ಐವತ್ತು ಸಲ ನಡೆದೇನು.

ನಾನು ನೋಡಿದೆ. ಆ ಹುಡುಗಿಯ ನಕ್ಷೆಯನ್ನು ಒಂದು ಗಂಟೆ ನೋಡಿದೆ. ತಿರುಗಿಸಿ ನೋಡಿದೆ, ದೂರ ಹಿಡಿದು ನೋಡಿದೆ. ನನಗೆ ಕಂಡದ್ದು ಗೆರೆಗಳು. ಅವು ಬೀದಿಯಾಗಲೇ ಇಲ್ಲ.

ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಹಾಲು ತರಲು ಹೋದೆ. ವಾಪಸು ಬರುವಾಗ ನಮ್ಮ ಬೀದಿಯ ತಿರುವಿನಲ್ಲಿ ನಿಂತೆ. ಮನೆಗಳೆಲ್ಲ ಕಾಣುತ್ತಿವೆ, ಒಂದೊಂದೂ ಗೊತ್ತಿದೆ, ಆದರೆ ನಮ್ಮ ಮನೆ ಯಾವ ಕಡೆ ಎಂಬುದೇ ಇಲ್ಲ. ಕೈಯಲ್ಲಿ ಹಾಲು ಹಿಡಿದು ಒಂದು ಗಂಟೆ ನಿಂತಿದ್ದೆನಂತೆ. ನಿನ್ನ ಅತ್ತಿಗೆ ಹುಡುಕಿಕೊಂಡು ಬಂದಳು. ಮಿದುಳಿನಲ್ಲಿ ಸಣ್ಣದಾಗಿ ರಕ್ತ ಹೆಪ್ಪುಗಟ್ಟಿತ್ತು ಎಂದರು ಡಾಕ್ಟರು. ಮಾತು ಉಳಿಯಿತು, ಓದು ಉಳಿಯಿತು, ಮಗ್ಗಿ ಇಪ್ಪತ್ತರ ತನಕ ಒಪ್ಪಿಸಿದೆ. ದಿಕ್ಕು ಮಾತ್ರ ಹೋಯಿತು. ಎಡ ಬಲ ಕೂಡ ಯೋಚಿಸಿ ಹೇಳಬೇಕು. “ಬಂದರೂ ಬರಬಹುದು, ಬರದೆಯೂ ಇರಬಹುದು” ಎಂದರು.

ಕಚೇರಿಗೆ ಹೇಳಿಲ್ಲ. ನಕ್ಷೆ ಓದಲಾಗದ ಸರ್ವೇಯರ್ ಎಂದು ಯಾವ ಬಾಯಲ್ಲಿ ಹೇಳಲಿ? ನಿನ್ನ ಅತ್ತಿಗೆಯಿಂದ ಆಣೆ ಮಾಡಿಸಿದ್ದೇನೆ, ಯಾರಿಗೂ, ನಿನಗೂ ಹೇಳಬಾರದು ಎಂದು. ಫೋನಿನ ದಾರಿ ಹಿಡಿದು ಒಂದು ಸಲ ಔಷಧಿ ಅಂಗಡಿಗೆ ಹೊರಟೆ. ಅದು ‘ತಿರುಗಿ’ ಎಂದಾಗಲೆಲ್ಲ ಎತ್ತ ಎಂದು ಯೋಚಿಸುವಷ್ಟರಲ್ಲಿ ಇನ್ನೊಂದು ಹೇಳುತ್ತಿತ್ತು. ತಪ್ಪಿದರೆ ತಪ್ಪಿದೆ ಎನ್ನುವುದಿಲ್ಲ, ಸುಮ್ಮನೆ ಬೇರೆ ದಾರಿ ಶುರು ಮಾಡುತ್ತದೆ.

ಒಂದೇ ಒಂದು ಸಂಗತಿ. ನಿನ್ನ ಮಕ್ಕಳು ನಕ್ಷೆಯ ಕೆಳಗೆ ಬರೆದ ಸಾಲುಗಳು ನನಗೆ ಅರ್ಥವಾದವು. ‘ಹಸಿರು ಬಾಗಿಲು ಕಂಡರೆ ಮುಂದೆ ಹೋಗಿ’ ಎಂದರೆ ಹೋಗಬಲ್ಲೆ ಅನಿಸಿತು. ಮಾತು ಹಿಡಿದು ನಡೆಯಬಲ್ಲೆನೋ ಏನೋ. ತಪ್ಪಿದರೆ ಏನು ಮಾಡಬೇಕೆಂದು ಬರೆದಿದ್ದರೆ ಮಾತ್ರ.

ನನಗೆ ಹೆದರಿಕೆ ಪುಟ್ಟಿ. ನಿನ್ನ ಮಕ್ಕಳ ಎದುರು, ಯಾವುದೋ ಬೀದಿಯ ನಡುವೆ, ಹಾಲು ಹಿಡಿದವನ ಹಾಗೆ ನಿಂತುಬಿಟ್ಟರೆ?


ಜುಲೈ 25

ತಂಗಿಗೆ,

ಹೆಡ್‌ಮೇಡಂ ಹತ್ತಿರ ಹೋಗಬೇಡ. ಬರುತ್ತೇನೆ.

ಒಂದು ಷರತ್ತು. ನಕ್ಷೆ ಬೇಡ. ಬರೀ ಮಾತಿನಲ್ಲಿ ದಾರಿ ಬರೆಸು. ತಪ್ಪಿದರೆ ಏನೆಂದೂ ಬರೆಸು. ಆ ಹುಡುಗಿಗೆ ಹೇಳು, ನನ್ನಿಂದ ತಪ್ಪಾಯಿತು.

ಅಣ್ಣ


ಆಗಸ್ಟ್ 2

ಪ್ರೀತಿಯ ಅಣ್ಣನಿಗೆ,

ನಿನ್ನ ಪತ್ರ ಬಂದಾಗ ಮೊದಲು ಮೈಯೆಲ್ಲ ಉರಿಯಿತು. ನಕ್ಷೆಯ ಪಾಠಕ್ಕೆ ನಕ್ಷೆಯೇ ಬೇಡವಂತೆ ಎಂದು ಒಂದು ಉದ್ದ ಜಗಳದ ಪತ್ರ ಬರೆದೆ. ಅದಕ್ಕೆ ಸಾಕ್ಷಿ ಬೇಕು ಎಂದು ನಿನ್ನ ಹಳೆಯ ಪತ್ರಗಳ ಡಬ್ಬಿ ತೆಗೆದೆ. ಇಪ್ಪತ್ತು ವರ್ಷದ ಪತ್ರಗಳನ್ನು ನೆಲದ ಮೇಲೆ ಹರಡಿಕೊಂಡು ಕೂತಿದ್ದೆ. ಮಾರ್ಚಿನ ತನಕ ಒಂದೊಂದರ ಮೂಲೆಯಲ್ಲೂ ಬಾಣವಿತ್ತು. ಆಮೇಲೆ ನನ್ನ ಪತ್ರವನ್ನು ಹರಿದು ಹಾಕಿದೆ.

ಸರಿ. ಮಾತು ಮಾತ್ರ.

ಮಕ್ಕಳು ಕೆಲವು ಪ್ರಶ್ನೆ ಕೇಳಿದ್ದಾರೆ. ವಾಚನ್ನು ಯಾವ ಕೈಗೆ ಕಟ್ಟುತ್ತೀಯ? ಎಡ ಬಲ ಎಂದು ಬರೆದರೆ ದೊಡ್ಡವರೂ ಗಲಿಬಿಲಿ ಮಾಡಿಕೊಳ್ಳುತ್ತಾರೆ, ವಾಚಿನ ಕೈ ಕಡೆ ಎಂದು ಬರೆದರೆ ಹೇಗೆ ಎಂದು ಅವರಿಗೆ ಅನಿಸಿದೆ. ಭಾರದ ಚೀಲ ತರುತ್ತೀಯ, ಹಗುರದ್ದೇ? ದಾರಿಯಲ್ಲಿ ಕೂರಲು ಜಾಗ ಬೇಕೇ? ಕಾಗದ ಒಂದು ಪುಟವಿರಲೇ, ಮಡಿಸಿ ಹಿಡಿಯುವ ಸಣ್ಣ ಚೀಟಿಗಳಾಗಿರಲೇ?

ತಪ್ಪಿದವನ ಸಾಲು ಬರೆಯುವುದು ಸುಲಭವಲ್ಲ ಎಂದು ಈಗ ಗೊತ್ತಾಗುತ್ತಿದೆ. ಬರೆಯಲು ಮೊದಲು ತಾವೇ ತಪ್ಪಬೇಕು. ಇವತ್ತು ಶನಿವಾರ, ಮೂವತ್ತೊಂದು ಮಕ್ಕಳು ಬಸ್ ನಿಲ್ದಾಣದ ಸುತ್ತ ಬೇಕೆಂದೇ ದಾರಿ ತಪ್ಪಿ ತಿರುಗಿದರು. ನಾನೂ ತಪ್ಪಿದೆ, ನನಗೆ ಬೇಕೆಂದು ಮಾಡುವ ಅಗತ್ಯವೇ ಬೀಳಲಿಲ್ಲ.

ಅತ್ತಿಗೆಗೆ ನನ್ನ ನೆನಪು ಹೇಳು. ಊಟ ಸರಿಯಾಗಿ ಮಾಡು. ನನಗೆ ನಿನ್ನ ಮೇಲೆ ಸಿಟ್ಟಿಲ್ಲ, ಸ್ವಲ್ಪವೂ ಇಲ್ಲ.

ನಿನ್ನ ತಂಗಿ


ಆಗಸ್ಟ್ 9

ತಂಗಿಗೆ,

ವಾಚು ಎಡಗೈಗೆ. ಚೀಲ ಹಗುರದ್ದು. ಒಂದೇ ಪುಟ ಸಾಕು, ಅಕ್ಷರ ದಪ್ಪಗಿರಲಿ. ಕೂರಲು ಜಾಗವಿದ್ದರೆ ಒಳ್ಳೆಯದು, ಮಂಡಿ ನೋವು ಎಂದಿದ್ದೆನಲ್ಲ.

ನಿನ್ನ ಅತ್ತಿಗೆ ಇಲ್ಲಿ ಬಸ್ ಹತ್ತಿಸುತ್ತಾಳೆ. ಅಲ್ಲಿ ಇಳಿದ ಮೇಲೆ ಯಾರೂ ಬರಬೇಡಿ. ನೀನಂತೂ ಬರಲೇಬಾರದು. ಮಾತು ಕೊಡು.

ಎರಡು ದಿನದಿಂದ ನಿದ್ದೆ ಸರಿಯಿಲ್ಲ. ಪ್ರಯಾಣವೆಂದರೆ ಹಾಗೇ.

ಅಣ್ಣ


ಆಗಸ್ಟ್ 16

ಅಣ್ಣಾ,

ಮಾತು ಕೊಟ್ಟಿದ್ದೇನೆ. ಕಾಗದ ಇದರ ಜೊತೆಗಿದೆ. ಎಲ್ಲರ ಸಾಲುಗಳನ್ನು ಸೇರಿಸಿ ವಕೀಲಿ ಬರೆದದ್ದು. ನಾನು ಕಾಗುಣಿತ ಬಿಟ್ಟು ಬೇರೇನೂ ಮುಟ್ಟಿಲ್ಲ.

ಸರ್ವೇಯರ್ ಸರ್ ಅವರಿಗೆ ಬಸ್ ನಿಲ್ದಾಣದಿಂದ ನಮ್ಮ ಶಾಲೆಗೆ ದಾರಿ

ಬಸ್ಸಿನಿಂದ ಇಳಿದ ತಕ್ಷಣ ನಡೆಯಬೇಡಿ. ಮೊದಲು ಗಡಿಯಾರದ ಕಂಬ ಹುಡುಕಿ. ಅದರಲ್ಲಿ ಯಾವಾಗಲೂ ನಾಲ್ಕು ಗಂಟೆ ಹತ್ತು ನಿಮಿಷ. ಅದು ಕೆಟ್ಟಿದೆ, ನಿಮ್ಮ ವಾಚನ್ನೇ ನಂಬಿ. ಕಂಬಕ್ಕೆ ಬೆನ್ನು ಕೊಟ್ಟು ನಿಂತರೆ ಎದುರಿಗೆ ಔಷಧಿ ಅಂಗಡಿ ಕಾಣಬೇಕು. ಬೇರೆ ಏನಾದರೂ ಕಂಡರೆ ನೀವು ಕಂಬದ ಬೇರೆ ಪಕ್ಕ ಇದ್ದೀರಿ, ಸುತ್ತಿ ಬನ್ನಿ.

ಔಷಧಿ ಅಂಗಡಿಯ ಹತ್ತಿರ ಹೋಗಿ, ಅದಕ್ಕೆ ಮುಖ ಮಾಡಿ ನಿಂತು, ವಾಚಿನ ಕೈ ಕಡೆಗೆ ತಿರುಗಿ ನಡೆಯಿರಿ. ಮೂರು ಕರೆಂಟ್ ಕಂಬ ಆದ ಮೇಲೆ ಟೈಲರ್ ಅಂಗಡಿ. ಹೊಲಿಗೆ ಮೆಷಿನ್ ಸದ್ದು ಮೊದಲೇ ಕೇಳುತ್ತದೆ. ಅಂಗಡಿ ದಾಟಿದ ಕೂಡಲೇ ವಾಚಿಲ್ಲದ ಕೈ ಕಡೆ ಒಂದು ಓಣಿ. ಅದಕ್ಕೆ ಹೋಗಿ.

ಇಲ್ಲಿ ಎಲ್ಲರೂ ತಪ್ಪುತ್ತಾರೆ. ಮುಂದಿನ ಓಣಿಯೂ ನೋಡಲು ಹೀಗೇ ಇದೆ. ನೀಲಿ ಗೇಟು ಮತ್ತು ‘ನಾಯಿ ಇದೆ’ ಬೋರ್ಡು ಕಂಡರೆ ನೀವು ತಪ್ಪಿದ್ದೀರಿ. ನಾಯಿ ಸತ್ತು ಎರಡು ವರ್ಷ ಆಯಿತು, ಹೆದರಬೇಡಿ. ಹಿಂದಕ್ಕೆ ತಿರುಗಿ ಹೊಲಿಗೆ ಮೆಷಿನ್ ಸದ್ದು ಕೇಳುವ ತನಕ ಬನ್ನಿ. ನಾನೂ ಇಲ್ಲಿ ತಪ್ಪಿದ್ದೇನೆ. ಯಾರೂ ಬೈಯುವುದಿಲ್ಲ.

ಸರಿಯಾದ ಓಣಿಯ ಕೊನೆಯಲ್ಲಿ ನೀರಿನ ಟ್ಯಾಂಕ್. ಕೆಳಗೆ ಕಲ್ಲು ಬೆಂಚು ಇದೆ. ಕೂತರೆ ಚೀಲವನ್ನು ನೀವು ಬಂದ ಕಡೆಗೆ ಇಟ್ಟುಕೊಳ್ಳಿ. ಎದ್ದ ಮೇಲೆ ಚೀಲ ಇಲ್ಲದ ಕಡೆಗೆ ಹೋಗಿ. ಹೋಗುವಾಗ ಚೀಲ ಮರೆಯಬೇಡಿ.

ಅಲ್ಲಿಂದ ನಮ್ಮ ಗಲಾಟೆ ಕೇಳುತ್ತದೆ. ಕೇಳದಿದ್ದರೆ ಅವತ್ತು ಶನಿವಾರ ಅಲ್ಲ.


ಆಗಸ್ಟ್ 28

ಪುಟ್ಟಿಗೆ,

ಕ್ಷೇಮವಾಗಿ ಮನೆ ಸೇರಿದೆ. ನಿನ್ನ ಮನೆಯಲ್ಲಿದ್ದ ಎರಡು ದಿನವೂ ನಾವಿಬ್ಬರೂ ಊಟ, ಸೆಖೆ, ನೆರೆಮನೆಯ ಜಗಳ, ಎಲ್ಲ ಮಾತಾಡಿದೆವು. ಆ ನಡಿಗೆಯ ಮಾತು ಬಂದಾಗೆಲ್ಲ ನೀನು ಎದ್ದು ಒಳಗೆ ಹೋದೆ, ನಾನೂ ಕರೆಯಲಿಲ್ಲ. ಈಗ ಬರೆಯುತ್ತೇನೆ.

ಬಸ್ಸಿನಿಂದ ಇಳಿದು ಮೊದಲು ಗಡಿಯಾರದ ಕಂಬ ಹುಡುಕಿದೆ. ನಾಲ್ಕು ಗಂಟೆ ಹತ್ತು ನಿಮಿಷ ಕಂಡಿತು. ಕಂಬಕ್ಕೆ ಬೆನ್ನು ಕೊಟ್ಟೆ, ಔಷಧಿ ಅಂಗಡಿ ಕಾಣಲಿಲ್ಲ, ಹಣ್ಣಿನ ಗಾಡಿ ಕಂಡಿತು. ಸುತ್ತಿ ಬಂದೆ. ಅಂಗಡಿ ಮುಟ್ಟಿ ವಾಚಿನ ಕೈ ಕಡೆ ನಡೆಯತೊಡಗಿದಾಗ ಹಿಂದಿನಿಂದ ಸರಬರ ಸದ್ದು ಕೇಳಿತು. ಎರಡನೇ ಕರೆಂಟ್ ಕಂಬದ ಹತ್ತಿರ ಇದ್ದಕ್ಕಿದ್ದಂತೆ ನಿಂತಿತು. ಹಿಂದೆ ಇದ್ದವರಿಗೆ ತಮ್ಮ ಚಪ್ಪಲಿಯ ನೆನಪಾಗಿರಬೇಕು.

ಟೈಲರ್ ಅಂಗಡಿಯನ್ನೂ ದಾಟಿದೆ. ಓಣಿ ತಪ್ಪಿತು. ನೀಲಿ ಗೇಟು ಎದುರಿಗೆ ಬಂದಾಗ ಏಪ್ರಿಲ್‌ನ ಆ ಬೆಳಿಗ್ಗೆಯೇ ಮತ್ತೆ ಬಂದ ಹಾಗಾಯಿತು. ನಾಲ್ಕೂ ಕಡೆ ಒಂದೇ ತರ. ಎಷ್ಟು ಹೊತ್ತು ನಿಂತೆನೋ. ಆಮೇಲೆ ಕಾಗದ ತೆಗೆದು ಓದಿದೆ. ನಾಯಿ ಸತ್ತು ಎರಡು ವರ್ಷ ಆಯಿತು, ಹೆದರಬೇಡಿ. ನಗು ಬಂತು ಪುಟ್ಟಿ, ಬೀದಿಯಲ್ಲಿ ನಿಂತು ಒಬ್ಬನೇ ನಕ್ಕೆ. ತಿರುಗಿ, ಮೆಷಿನ್ ಸದ್ದು ಕೇಳುವ ತನಕ ನಡೆದೆ.

ಟೈಲರ್ ಅಂಗಡಿಯ ಮುಂದೆ ಒಬ್ಬ ಹೆಂಗಸು ನೇತುಹಾಕಿದ್ದ ಅಂಗಿಗಳ ನಡುವೆ ಮುಖ ಹೂತು ನಿಂತಿದ್ದಳು. ಗಂಡಸರ ಅಂಗಿಯನ್ನು ಅಷ್ಟು ಹತ್ತಿರದಿಂದ ಯಾರೂ ಪರೀಕ್ಷೆ ಮಾಡುವುದಿಲ್ಲ. ಬರಿಗಾಲು, ಚಪ್ಪಲಿ ಎರಡೂ ಕೈಯಲ್ಲಿ. ಭುಜ ಅಲ್ಲಾಡುತ್ತಿತ್ತು. ಕರೆಯಬೇಕು ಎನಿಸಿತು. ಆದರೆ ಕ್ರಮ ಎಂದರೆ ಕ್ರಮ. ನೋಡದವನ ಹಾಗೆ ದಾಟಿ ಸರಿಯಾದ ಓಣಿ ಹಿಡಿದೆ. ಅಲ್ಲಿಂದ ಶಾಲೆಯ ತನಕ ಹೆದರಿಕೆ ಆಗಲಿಲ್ಲ.

ಶಾಲೆಯ ಗೇಟಿನಲ್ಲಿ ನಿನ್ನ ಹೆಡ್‌ಮೇಡಂ ಗಡಿಯಾರ ನೋಡಿಕೊಂಡರು. “ಹತ್ತು ನಿಮಿಷದ ದಾರಿಗೆ ಮುಕ್ಕಾಲು ಗಂಟೆ! ಯಾರೂ ಹೇಳಿಕೊಡಲಿಲ್ಲ ತಾನೇ?” ಎಂದರು. “ಯಾರೂ ಬಾಯಿ ಬಿಡಲಿಲ್ಲ ಮೇಡಂ” ಎಂದೆ. ಸುಳ್ಳಲ್ಲವಲ್ಲ. “ಬಂದರಲ್ಲ, ಸರಿ, ಕ್ಲಾಸ್ ನಡೀಲಿ” ಎಂದು ಒಳಗೆ ಹೋದರು. ನೀನು ಐದು ನಿಮಿಷದ ಮೇಲೆ ಬಂದೆ, ಕಾಲೆಲ್ಲ ಧೂಳು, “ಅಂಚೆ ಕಚೇರಿಗೆ ಹೋಗಿದ್ದೆ” ಎಂದೆ.

ಜುಲೈ 24ರ ಒಂದು ಪತ್ರ ಡ್ರಾಯರ್‌ನಲ್ಲಿತ್ತು. ಅದನ್ನೂ ಇದರ ಜೊತೆ ಇಟ್ಟಿದ್ದೇನೆ. ನಿನಗೆ ಆಗಲೇ ಗೊತ್ತಿರುವುದನ್ನೇ ಓದುತ್ತೀಯ, ಆದರೂ ನಾನೇ ಹೇಳಬೇಕಿತ್ತು.

ರಜೆ ಮುಗಿಯಿತು. ಸೆಪ್ಟೆಂಬರ್ 8, ಸೋಮವಾರ ಕಚೇರಿಗೆ ಹೋಗುತ್ತೇನೆ. ಸಾಹೇಬರಿಗೆ ಎಲ್ಲವನ್ನೂ ಹೇಳುತ್ತೇನೆ. ಕಡತಗಳ ಕೋಣೆಯಲ್ಲಿ ಕೂರಿಸುತ್ತಾರೋ, ಮನೆಗೆ ಕಳಿಸುತ್ತಾರೋ, ಏನಾದರೂ ಆಗಲಿ. ಮನೆಯಿಂದ ಕಚೇರಿಗೆ ದಾರಿ ನಾನೇ ಬರೆದಿದ್ದೇನೆ. ಮೂವತ್ತೆರಡು ವರ್ಷ ನಡೆದ ದಾರಿ, ಬರೆಯಲು ನಾಲ್ಕು ದಿನ ಹಿಡಿಯಿತು. ನಿನ್ನ ವಕೀಲಿಗೆ ಕೊಟ್ಟು ತಿದ್ದಿಸಿ ಕಳಿಸು. ಕರುಣೆ ತೋರಿಸಬಾರದು ಎಂದು ಹೇಳು.

ಇಂತಿ,
ದಿಕ್ಕೇಡಿ


ಸೆಪ್ಟೆಂಬರ್ 2

ಪ್ರೀತಿಯ ಅಣ್ಣನಿಗೆ,

ಜುಲೈ ಪತ್ರಕ್ಕೆ ಉತ್ತರ ಬರೆಯಲು ಮೂರು ಸಲ ಕೂತೆ. ಮೂರು ಸಲವೂ ಅಳುತ್ತಾ ಎದ್ದೆ. ನೀನು ಒಂದು ಗಂಟೆ ನೋಡಿದ್ದನ್ನು ನೋಡೇ ಇಲ್ಲ ಎಂದೆನಲ್ಲ, ಅದು ನನ್ನನ್ನು ಚುಚ್ಚುತ್ತಲೇ ಇದೆ. ಕ್ಷಮಿಸು.

ನಿನ್ನ ಕಾಗದವನ್ನು ವಕೀಲಿ ಕೆಂಪು ಪೆನ್ನಿನಲ್ಲಿ ತಿದ್ದಿದ್ದಾಳೆ. ಹೇಳಿದಂತೆ ಕರುಣೆ ತೋರಿಸಿಲ್ಲ. ಅವಳು ಕೆಳಗೆ ಬರೆದದ್ದನ್ನು ಹಾಗೇ ಇಳಿಸುತ್ತೇನೆ:

‘ನಾಲ್ಕನೇ ಸಾಲಿನಲ್ಲಿ ಬಿಳಿ ಸ್ಕೂಟರ್ ನಿಂತಿರುವ ಕಡೆ ತಿರುಗಿ ಎಂದು ಬರೆದಿದ್ದೀರಿ. ಸ್ಕೂಟರ್ ಹೊರಟುಹೋಗುತ್ತದೆ ಸರ್. ನನಗೆ ಅನುಭವ ಇದೆ. ಹೋಗದೇ ಇರುವುದನ್ನು ಬರೆಯಿರಿ. ತಪ್ಪಿದರೆ ಏನು ಎಂದು ಎರಡು ಕಡೆ ಬರೆದಿದ್ದೀರಿ, ಅದು ಚೆನ್ನಾಗಿದೆ, ನಾನು ನಿಜವಾಗಿ ನೋಡಿಯೇ ಬರೆಯುತ್ತಿದ್ದೇನೆ. ದೊಡ್ಡ ತಪ್ಪು ಒಂದಿದೆ. ಹತ್ತು ಹೆಜ್ಜೆ ಹಿಂದೆ ಯಾರು ಬರುತ್ತಾರೆ ಎಂದು ಬರೆದೇ ಇಲ್ಲ. ಅದು ಇಲ್ಲದೆ ನಮ್ಮ ಕ್ಲಾಸಿನಲ್ಲಿ ಯಾರನ್ನೂ ಗೇಟು ದಾಟಲು ಬಿಡುವುದಿಲ್ಲ. ಹತ್ತಕ್ಕೆ ಆರು.’

ಸ್ಕೂಟರ್ ನೀನು ತಿದ್ದಿಕೋ. ದೊಡ್ಡ ತಪ್ಪನ್ನು ನಾನು ತಿದ್ದಿದ್ದೇನೆ. ಸೋಮವಾರಕ್ಕೆ ರಜೆ ಹಾಕಿ, ಭಾನುವಾರದ ಬಸ್ಸಿಗೆ ಬರುತ್ತಿದ್ದೇನೆ. ದಾರಿಯಲ್ಲಿ ಒಂದು ಮಾತೂ ಆಡುವುದಿಲ್ಲ. ಆದರೆ ಚಪ್ಪಲಿ ಈ ಸಲ ಕಾಲಲ್ಲೇ ಇರುತ್ತದೆ, ಕಚೇರಿಯ ಬಾಗಿಲ ತನಕ ಎಳೆದುಕೊಂಡೇ ಬರುತ್ತೇನೆ.

ನಿನ್ನ ತಂಗಿ